ಒಂದರಿಂದ ಎರಡರವರೆಗೆ ಸೊನ್ನೆ

ತಡಿ ಅಕ್ಕಾ, ತಡಿ ತಡಿ ತಡಿ... ಒತ್ಬೇಡ! ಮೌಸ್ ಮೇಲಿಂದ ಕೈ ತೆಗಿ. ತೆಗಿ ಅಂದ್ನಲ್ಲ. ಹಾಂ, ಹಾಗೆ. ಈಗ ಆ ಕೈಯನ್ನ ತೊಡೆ ಮೇಲೆ ಇಟ್ಕೊ. ಜಾಣೆ.

ಯಾಕೆ ನಗ್ತೀಯಾ? ತಮಾಷೆ ಅಲ್ಲ ಇದು. ಅಯ್ಯೋ ನನ್ನ ಹಣೆಬರಹವೇ, ನಾನು ಅತ್ತರೂ ಜನ ನಗ್ತಾರೆ! ಮುಖವೇ ಹಾಗಿದೆ, ಏನ್ ಮಾಡ್ಲಿ?

ಗೊತ್ತು. ನಾಲ್ಕು ಗಂಟೆಯೊಳಗೆ ಕಳಿಸ್ಬೇಕು ಅಂತ ಗೊತ್ತು. ದೊಡ್ಡ ಸಾಹೇಬರು ಕಾಯ್ತಿದಾರೆ, ಗಾಳಿಯಂತ್ರದ ಕೋಣೆಯವರು ಕಾಯ್ತಿದಾರೆ, ಇಡೀ ಕಟ್ಟಡ ನಿನ್ನ ಒಂದು ಬೆರಳಿಗೆ ಕಾಯ್ತಿದೆ. ಎಲ್ಲಾ ಗೊತ್ತು. ಈಗಿನ್ನೂ ಮೂರೂ ಇಪ್ಪತ್ತು. ನಲವತ್ತು ನಿಮಿಷ ಇದೆ. ಒಂದು ಟೀ ಕುಡಿಯೋಣ ಬಾ. ನಾನು ಕೊಡಿಸ್ತೀನಿ. ಹೌದು, ನಾನೇ! ನಿನ್ನ ತಮ್ಮ ತನ್ನ ಜೇಬಿನಿಂದ ಟೀ ಕೊಡಿಸೋದು ಎಷ್ಟು ವರ್ಷಕ್ಕೊಮ್ಮೆ ಬರೋ ಯೋಗ... ಬೇಡ್ವಾ? ಸರಿ, ಬೇಡ.

ಮೇಜಿನ ಮೇಲಿಂದ ಇಳಿಯಲ್ಲ. ಇಲ್ಲೇ ಕೂರ್ತೀನಿ, ನಿನಗೂ ಪರದೆಗೂ ನಡುವೆ. ನೋಡ್ಬೇಕಾದ್ರೆ ನನ್ನ ಮುಖ ನೋಡು.

ಏನಿಲ್ಲಾ, ಒಂದೇ ಮಾತು. ಆ ಗಾಳಿಯ ಲೆಕ್ಕಾನ ಇವತ್ತು ಕಳಿಸ್ಬೇಡ. ಎರಡನೇ ಮಹಡಿದು ಎರಡನೇ ಮಹಡಿಯಲ್ಲೇ ಇರ್ಲಿ. ಇಲ್ಲ, ಅದೂ ಬೇಡ, ಅದನ್ನೂ ನಿಲ್ಸು. ಎಲ್ಲಾ ನಿಲ್ಸಿ ಒಂದು ವಾರ ಸುಮ್ನಿರು. ನಾನು ಇನ್ನೊಂದು ಸಲ ಎಣಿಸ್ತೀನಿ. ಹೊಸದಾಗಿ. ಹಲ್ಲು ಕಚ್ಚಿಕೊಂಡು. ಸಂಬಳ ಬೇಡ, ಬಿಟ್ಟಿ!

ಯಾಕೆ ಅಂದ್ರೆ... ಯಾಕೆ ಅಂದ್ರೆ ಏನು, ಸುಮ್ನೆ. ನಾನು ಎಣಿಸಿದ್ದು ಒಂದೋ ಎರಡೋ ಹೆಚ್ಚುಕಮ್ಮಿ ಆಗಿರಬಹುದಲ್ವಾ? ನೀನೇ ಯೋಚನೆ ಮಾಡು. ಒಂಬತ್ತನೇ ಕ್ಲಾಸಿಗೆ ಶಾಲೆಯಿಂದ ಹೊರಗೆ ಬಿದ್ದವನು ನಾನು. ಹೆಡ್‌ಮಾಸ್ಟರ ಕುರ್ಚಿಗೆ ಗಾಲಿ ಕಟ್ಟಿದವನು. ಗುಣಾಕಾರದಲ್ಲಿ ಕೈ ಕೊಟ್ಟು ಭಾಗಾಕಾರದಲ್ಲಿ ಕಾಲು ಕೊಟ್ಟವನು. ಅಂಥವನು ಎಣಿಸಿದ ತಲೆಗಳನ್ನ ನಂಬಿ ನೀನು ನಾಲ್ಕು ಮಹಡಿಗೆ ಗಾಳಿ ಹಂಚ್ತೀಯಲ್ಲ, ನಿನಗೆ ಭಯ ಆಗಲ್ವಾ?

ಹಾಂ, ಅದು ಗೊತ್ತು. ಮೀಟರೂ ನಿನ್ನ ಲೆಕ್ಕವೂ ಹೊಂದಿಕೊಂಡಿದೆ ಅಂತ ಸೋಮವಾರದಿಂದ ನೂರು ಸಲ ಹೇಳಿದೀಯಾ. ಆ ಎರಡು ಗೆರೆ, ಒಂದು ನೀಲಿ, ಒಂದು ಕೆಂಪು, ಒಂದರ ಮೇಲೊಂದು ಮಲಗಿರೋದು. ಅಮ್ಮನಿಗೂ ತೋರಿಸಿದೆ. ಅಮ್ಮ ಪಾಪ, ಜಾತಕ ಕೂಡಿ ಬಂತೇನೋ ಅನ್ನೋ ಹಾಗೆ ತಲೆ ಆಡಿಸಿದ್ರು!

ನಕ್ಕೆ. ನಗು ನಗು. ನೀನು ನಗೋದು ಚೆನ್ನಾಗಿರುತ್ತೆ. ಆರು ತಿಂಗಳು ನೀನು ನಕ್ಕಿರ್ಲಿಲ್ಲ ಅಕ್ಕಾ. ಕಂಪ್ಯೂಟರಿನಲ್ಲಿ ಈ ಕಟ್ಟಡಾನ ಬೆಂಕಿಪೊಟ್ಟಣದ ಹಾಗೆ ಬರೆದು, ಕಿಟಕಿ ಇಟ್ಟು, ಗೋಡೆ ಎಷ್ಟು ದಪ್ಪ, ಬಿಸಿಲು ಯಾವ ಕಡೆ, ಯಾವ ಫ್ರಿಜ್ಜು ಎಷ್ಟು ಕುಡಿಯುತ್ತೆ, ಎಲ್ಲಾ ತುಂಬಿಸಿದ್ರೂ ಅದು ಹೇಳ್ತಿದ್ದ ಕರೆಂಟಿಗೂ ಮೀಟರು ತೋರಿಸೋ ಕರೆಂಟಿಗೂ ಅಜಗಜಾಂತರ. ಊಟದ ತಟ್ಟೆ ಮುಂದೆ ಕೂತು ಗೋಡೆ ನೋಡ್ತಿದ್ದೆ. ನಾನು ನಿನ್ನ ತಟ್ಟೆಯಿಂದ ಕದ್ದು ತಿಂದ್ರೂ ಗೊತ್ತಾಗ್ತಿರ್ಲಿಲ್ಲ.

ನೀನು ಹೇಳಿಕೊಟ್ಟಿದ್ದು ಎಲ್ಲಾ ನೆನಪಿದೆ ನನಗೆ. ಬೇಕಾದ್ರೆ ಒಪ್ಪಿಸ್ತೀನಿ ಕೇಳು. ಮನೆಯಲ್ಲಿ ಏಸಿ ಹಾಕಿದ್ರೆ ಇರೋ ಗಾಳಿಯನ್ನೇ ತಿರುಗಿಸಿ ತಿರುಗಿಸಿ ತಣ್ಣಗೆ ಮಾಡುತ್ತೆ. ಪ್ರಯೋಗಾಲಯದಲ್ಲಿ ಹಾಗಲ್ಲ. ಇಲ್ಲಿಯ ಗಾಳಿಗೆ ಏನೇನೋ ಘಾಟು ಸೇರಿರುತ್ತೆ, ಅದನ್ನ ವಾಪಸ್ ಯಾರ ಮೂಗಿಗೂ ಕೊಡೋ ಹಾಗಿಲ್ಲ. ಹೊರಗಿನ ಗಾಳಿ ಎಳೆದುಕೊಂಡು, ಅಷ್ಟು ಕರೆಂಟು ಸುಟ್ಟು ತಂಪು ಮಾಡಿ, ಕೋಣೆಯಲ್ಲಿ ಒಂದು ಸುತ್ತು ಹೊಡೆಸಿ, ಮಾಳಿಗೆ ಮೇಲಿಂದ ಆಕಾಶಕ್ಕೆ ಊದಿಬಿಡಬೇಕು. ಹಗಲೂ ರಾತ್ರಿ. ಐಸ್‌ಕ್ರೀಮು ತಂದು ಒಂದು ಸಲ ನೆಕ್ಕಿ ಬೀದಿಗೆ ಎಸೆದ ಹಾಗಾಯ್ತಲ್ಲ ಅಂದೆ ನಾನು. ನೀನು ಅದೇ ಮಾತನ್ನ ಸಾಹೇಬರ ಸಭೆಯಲ್ಲಿ ನಿಂದೇ ಅನ್ನೋ ಹಾಗೆ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಕಳ್ಳಿ!

ಆಮೇಲೆ ನಿನಗೆ ಹೊಳೆದಿದ್ದು, ಕೋಣೆಯಲ್ಲಿ ಯಾರೂ ಇಲ್ಲದಿದ್ದಾಗ ಅಷ್ಟು ಗಾಳಿ ಯಾಕೆ ಅಂತ. ಯಾವ ಹೊತ್ತಿಗೆ ಯಾವ ಕೋಣೆಯಲ್ಲಿ ಎಷ್ಟು ಜನ, ಇದು ಯಾವ ಪುಸ್ತಕದಲ್ಲೂ ಇಲ್ಲ, ಹೋಗಿ ನೋಡಿ ಎಣಿಸ್ಬೇಕು. ಮನೆಯಲ್ಲಿ ಒಬ್ಬ ಸೋಮಾರಿ ಬಿದ್ದಿದ್ದ. ಕೊರಳಿಗೆ ಪಟ್ಟಿ ಹಾಕಿ, ಕೈಗೆ ರಟ್ಟು, ಪೆನ್ಸಿಲು ಕೊಟ್ಟು ಎರಡನೇ ಮಹಡಿಗೆ ಬಿಟ್ಟೆ. ಹದಿನಾಲ್ಕು ಕೋಣೆ, ಆರು ವಾರ, ಗಂಟೆಗೊಂದು ಸುತ್ತು. ಎಣಿಕೆ ಸಾಹೇಬ್ರು ಬಂದ್ರು, ಎಣಿಕೆ ಸಾಹೇಬ್ರು ಬಂದ್ರು ಅಂತ ಎಲ್ಲರೂ ರೇಗಿಸ್ತಿದ್ರು. ನನಗೂ ಒಂಥರಾ... ಇರ್ಲಿ ಬಿಡು, ಖುಷಿಯಾಗಿತ್ತು ಅಂತಿಟ್ಕೊ. ಮೊದಲನೇ ಸಲ ನಾನು ಎಲ್ಲಿಗಾದ್ರೂ ಹೋದ್ರೆ ಜನ ಹೊರಗೆ ಹೋಗು ಅಂದಿರ್ಲಿಲ್ಲ.

ಆ ಬಲೂನಿನ ಕಥೆ ಎತ್ತಬೇಡ. ಅಯ್ಯೋ ಎತ್ತೇಬಿಟ್ಟೆ. ಹೌದು, ಸ್ಟೂಲಿಗೆ ಬಿಳಿ ಕೋಟು ಹಾಕಿ, ಮೇಲೊಂದು ಬಲೂನು ಕಟ್ಟಿ, ಅದಕ್ಕೆ ಕನ್ನಡಕ ಮೀಸೆ ಬರೆದು ಆ ಶೀತದ ಕೋಣೆಯಲ್ಲಿ ಕೂರಿಸಿದ್ದೆ. ಕೂರಿಸಿದ ಮೇಲೆ ಅವರನ್ನ ಎಣಿಸದೇ ಬಿಡೋದು ಮರ್ಯಾದೆ ಅಲ್ಲ ಅಂತ ಒಬ್ಬರು ಅಂತ ಬರೆದೆ, ಅಷ್ಟೇ. ಮೂರು ದಿನ. ನಿನ್ನ ಸಾಫ್ಟ್‌ವೇರು ನೋಡ್ತು, ನಾಲ್ಕು ಡಿಗ್ರಿ ಚಳಿಯಲ್ಲಿ ಒಬ್ಬ ಮನುಷ್ಯ ದಿನಕ್ಕೆ ಒಂಬತ್ತು ಗಂಟೆ ಕೂತಿದಾನೆ! ನೀನು ಎದ್ದೂಬಿದ್ದೂ ಓಡಿ ಹೋಗಿ ಬಾಗಿಲು ತೆಗೆದ್ರೆ... ಹಹ್ಹ! ನಿನ್ನ ಮುಖ ಆಗ...

ಅವತ್ತು ನೀನು ಬೈಲಿಲ್ಲ. ಅದೇ ಕಷ್ಟ ಆಗಿದ್ದು. ನೀನು ಹೇಳಿದ್ದು ಇಷ್ಟೇ, ನೋಡೋ, ಈ ಸಾಫ್ಟ್‌ವೇರಿಗೆ ಕಣ್ಣಿಲ್ಲ, ನಿನ್ನ ಕಣ್ಣೇ ಅದರ ಕಣ್ಣು. ನೀನು ಒಬ್ಬರು ಅಂದ್ರೆ ಅದಕ್ಕೆ ಅಲ್ಲೊಬ್ಬ ಮನುಷ್ಯ ಇದಾನೆ. ನೀನು ಇಲ್ಲ ಅಂದ್ರೆ ಇಲ್ಲ. ನಿಜ ಹೇಳ್ತೀನಿ ಅಕ್ಕಾ, ಅವತ್ತಿಂದ ನಾನು ಸರಿಯಾಗೇ ಎಣಿಸಿದೀನಿ. ಹೆಚ್ಚೂಕಮ್ಮಿ ಎಲ್ಲಾ.

ಏನು ಹೆಚ್ಚೂಕಮ್ಮಿ? ಮಾತಿಗೆ ಅಂದೆ. ಎಲ್ಲದಕ್ಕೂ ಹುಬ್ಬು ಎತ್ತಬೇಡ.

ಇಲ್ಲಪ್ಪಾ, ಯಾವ ಕೋಣೇನೂ ಅಲ್ಲ. ಯಾವುದೋ ಒಂದು ಕೋಣೆ ಅಂತ ಹೇಳ್ತಿಲ್ಲ ನಾನು. ಒಟ್ಟಾರೆ ಹೇಳ್ತಿದೀನಿ. ಈಗ ಉದಾಹರಣೆಗೆ... ಸುಮ್ನೆ ಉದಾಹರಣೆಗೆ... ಆ ಬಾಟ್ಲಿ ತೊಳೆಯೋ ಕೋಣೆ ತಗೋ. ನೀನು ಏನು ಮಾಡಿದೀಯಾ, ಮಧ್ಯಾಹ್ನ ಒಂದರಿಂದ ಎರಡರವರೆಗೆ ಅಲ್ಲಿ ಯಾರೂ ಇಲ್ಲ ಅಂತ ಗಾಳೀನ ಮೂರರಲ್ಲಿ ಒಂದು ಪಾಲಿಗೆ ಇಳಿಸಿದೀಯಾ. ನಾನು ಸೊನ್ನೆ ಬರೆದಿದ್ದಕ್ಕೆ. ಮೂವತ್ತು ದಿನ, ಮೂವತ್ತು ಸೊನ್ನೆ. ಅಷ್ಟು ದುಂಡಗಿನ ಲೆಕ್ಕ ನೋಡಿದ್ರೆ ನಿನಗೆ ಅನುಮಾನ ಬರಬೇಡ್ವಾ? ಒಂದು ದಿನವಾದ್ರೂ ಯಾರಾದ್ರೂ ಮರೆತ ಚಂಬು ತರೋಕಾದ್ರೂ ಒಳಗೆ ಹೋಗಿರಲ್ವಾ?

ಊಟದ ಹೊತ್ತು, ಎಲ್ಲರೂ ಕೆಳಗೆ ಕ್ಯಾಂಟೀನಿಗೆ ಹೋಗಿರ್ತಾರೆ. ಹೂಂ. ಅದೂ ಸರಿ. ನಿನ್ನ ಹತ್ತಿರ ಎಲ್ಲದಕ್ಕೂ ಉತ್ತರ ಇರುತ್ತೆ.

ನಾಳೆಯಿಂದ ನಾಲ್ಕೂ ಮಹಡಿಯ ತೊಳೆಯೋ ಕೋಣೆಗಳಿಗೂ ಅದೇ ಅಲ್ವಾ? ಒಂದೇ ಥರದ ಕೋಣೆ, ಒಂದೇ ಥರದ ಹೊತ್ತು, ಎರಡನೇ ಮಹಡಿದನ್ನೇ ನಕಲು ಮಾಡಿ ಅಂಟಿಸಿದೀಯಾ. ನೋಡಿದೆ, ನಿನ್ನೆ ನಿನ್ನ ಹಿಂದೆ ನಿಂತು ನೋಡಿದೆ. ನಾಲ್ಕು ಸಾಲು. ನಾಲ್ಕರಲ್ಲೂ ನನ್ನ ಸೊನ್ನೆ.

ಬೆವರೋದೇನು... ಇಲ್ಲಪ್ಪಾ, ಸೆಕೆ. ನಿನ್ನ ಕೋಣೆಗೇ ಏಸಿ ಇಲ್ಲ ನೋಡು, ಊರಿಗೆಲ್ಲಾ ಗಾಳಿ ಹಂಚೋಳ ಕೋಣೆಗೆ ಒಂದು ಫ್ಯಾನು, ಅದೂ ಕಿರಗುಡುತ್ತೆ. ಎಣ್ಣೆ ಬಿಡ್ಲಾ? ಬೇಡ್ವಾ. ಸರಿ.

ಯಾರು, ಅತ್ತೆಯಾ? ಬಾಟ್ಲಿ ತೊಳೆಯೋ ಅತ್ತೆ? ಇಲ್ಲ, ಅವರ ಸುದ್ದಿ ಯಾಕೆ ಈಗ. ನಾನು ಎತ್ತಿಲ್ಲ, ನೀನೇ ಎತ್ತಿದ್ದು. ಆಸ್ಪತ್ರೆಗೆ ಹೋಗಿಲ್ಲ ನಾನು. ಹೋಗ್ಬೇಕು. ಹೋಗ್ತೀನಿ. ನೀನು ರಾತ್ರಿ ಹೋಗಿ ಬಂದ್ಯಲ್ಲ, ಸಾಕು ಅಂತ... ನನಗೆ ಆಸ್ಪತ್ರೆ ವಾಸನೆ ಆಗಲ್ಲ ಅಂತ ನಿನಗೆ ಗೊತ್ತು. ಇನ್ನೂ ಮೂಗಿಗೆ ಕೊಳವೆ ಇದೆಯಾ? ಕಣ್ಣು ಬಿಟ್ರಾ? ಬಿಟ್ರೂ ಮಾತಾಡ್ತಿಲ್ವಾ... ಓ.

ರಕ್ತದೊತ್ತಡ ಇಳಿದಿದ್ದು, ಹೌದು. ಎಲ್ಲರೂ ಹಾಗೇ ಅಂತಿದಾರೆ. ಸೆಕ್ಯೂರಿಟಿ ತಾತ ನೋಡಿದಾಗ ಕಾರಿಡಾರಿನಲ್ಲಿ, ಕುಡಿಯೋ ನೀರಿನ ಯಂತ್ರದ ಪಕ್ಕ ಬಿದ್ದಿದ್ರಂತೆ. ನೀರು ಕುಡಿಯೋಕೆ ಬಂದವರು ತಲೆ ಸುತ್ತಿ ಬಿದ್ರು, ವಯಸ್ಸಾಯ್ತು, ಮಂಡಿನೋವು ಬೇರೆ. ಸಾಹೇಬರೂ ಹಾಗೇ ಬರೆದ್ರು, ಕಾರಿಡಾರಿನಲ್ಲಿ ಬಿದ್ದಿದ್ದು ಅಂತ. ಕೋಣೆಗೂ ಅದಕ್ಕೂ ಸಂಬಂಧ ಇಲ್ಲ ಅಂತ. ನಿನ್ನ ಗಾಳಿಗೂ ಅದಕ್ಕೂ ಸಂಬಂಧ ಇಲ್ಲ ಅಂತ. ನಾನೇನು ಬೇರೆ ಹೇಳಿದ್ನಾ? ಪಾಪ, ಅಂಥ ಜೀವ ಅಕ್ಕಾ. ಯಾರ ತಂಟೆಗೂ ಹೋಗಲ್ಲ. ಕೈಯಲ್ಲಿ ಅರ್ಧ ಕಚ್ಚಿದ ಮೊಟ್ಟೆ ಹಾಗೇ ಇತ್ತು, ಬಿದ್ರೂ ಬಿಟ್ಟಿರ್ಲಿಲ್ಲ, ಬೆರಳು ಬಿಡಿಸಿ ತೆಗೀಬೇಕಾ...

...

ಏನು?

ಏನಿಲ್ಲ, ಏನೂ ಅನ್ನಲಿಲ್ಲ. ತಾತ ಹೇಳಿದ್ರು. ಸೆಕ್ಯೂರಿಟಿ ತಾತ. ಮೊಟ್ಟೆ ಇತ್ತು ಅಂತ.

ಹಾಗೆ ನೋಡ್ಬೇಡ. ತಾತ ಹೇಳಿರ್ಲಿಲ್ವಾ ನಿನಗೆ? ಮರೆತಿರ್ತಾರೆ, ವಯಸ್ಸಾಯ್ತು. ಫೋನ್ ಮಾಡಿ ಕೇಳ್ತೀಯಾ? ಕೇಳು ಬೇಕಾದ್ರೆ. ಬೇಡ, ಈಗ ಮಲಗಿರ್ತಾರೆ, ರಾತ್ರಿ ಪಾಳಿ ಅವರದು ಇವತ್ತು. ಬೇಡ ಅಕ್ಕಾ. ಕೇಳ್ಬೇಡ.

ಫೋನ್ ಕೆಳಗಿಡೇ! ತಾತನ ನಂಬರು ಒತ್ತಬೇಡ ಅಂದ್ನಲ್ಲ.

ಸರಿ. ಸರಿ ಸರಿ ಸರಿ. ಕಾರಿಡಾರಿನಲ್ಲಿ ಮೊಟ್ಟೆ ಇರ್ಲಿಲ್ಲ. ತಾತ ಮೊಟ್ಟೆ ನೋಡಿಲ್ಲ. ಮೊಟ್ಟೆ ನನ್ನ ಜೇಬಿನಲ್ಲಿತ್ತು ಆಗ.

ಈಗ ಸಮಾಧಾನ ಆಯ್ತಾ?

ಆಗಲಿಲ್ಲ. ಕಾಣುತ್ತೆ.

ಅವರು ಕ್ಯಾಂಟೀನಿಗೆ ಹೋಗಲ್ಲ ಅಕ್ಕಾ. ಯಾವತ್ತೂ ಹೋಗಲ್ಲ. ಲಿಫ್ಟು ಸಾಮಾನಿಗೆ ಮಾತ್ರ ಅಂತ ಬೋರ್ಡು ಹಾಕಿದಾರೆ, ಆ ಮಂಡಿ ಇಟ್ಕೊಂಡು ಎರಡು ಮಹಡಿ ಇಳಿದು ಹತ್ತೋಕೆ ಅರ್ಧ ಗಂಟೆ ಬೇಕು, ಸಿಗೋದೇ ಒಂದು ಗಂಟೆ. ಅದಕ್ಕೆ ಬಾಟ್ಲಿ ಕೋಣೆಯಲ್ಲೇ, ಕಪಾಟಿನ ಹಿಂದೆ ಗಿಡ್ಡ ಸ್ಟೂಲು ಹಾಕ್ಕೊಂಡು ಡಬ್ಬಿ ಬಿಚ್ಚೋದು. ಪ್ರಯೋಗಾಲಯದ ಒಳಗೆ ಅನ್ನದ ಅಗುಳು ಸಿಕ್ಕರೂ ಕೆಲಸದಿಂದ ತೆಗೀತಾರೆ ಅಂತ ನಿನಗೇ ಗೊತ್ತು, ಬಾಗಿಲ ಮೇಲೆ ಅಷ್ಟು ದಪ್ಪ ಅಕ್ಷರದಲ್ಲಿ ಬರೆದಿದೆ. ನಾನು ಎರಡನೇ ದಿನವೇ ಕಂಡುಹಿಡಿದೆ. ರಟ್ಟು ಹಿಡ್ಕೊಂಡು ಒಳಗೆ ಹೋದ್ರೆ ಕಪಾಟಿನ ಹಿಂದಿಂದ ಎರಡು ಕಾಲು! ನಾನು ಸಾಹೇಬರ ಧ್ವನಿ ಮಾಡಿ ಯಾರಮ್ಮಾ ಅದು ಅಂದೆ. ಪಾಪ ಗಂಟಲಿಗೆ ಸಿಕ್ಕಿ ಕೆಮ್ಮಿ ಕೆಮ್ಮಿ... ನೀರು ಕೊಟ್ಟೆ. ಆಮೇಲೆ ನನ್ನ ಕಿವಿ ಹಿಂಡಿದ್ರು. ಆಮೇಲೆ ಒಂದು ಮೊಟ್ಟೆ ಕೊಟ್ರು. ಬೇಯಿಸಿದ್ದು, ಉಪ್ಪು ಮೆಣಸು ಹಾಕಿ. ದಿನಾ ಎರಡು ತರ್ತಿದ್ರು, ಅವತ್ತಿಂದ ಒಂದು ನಂದು.

ಏನಂತ ಬರೀಬೇಕಿತ್ತು ನಾನು, ಹೇಳು? ಅವರು, ನಾನು, ಎರಡು ಅಂತ ಬರೆದ್ರೆ ಯಾರು ಆ ಇಬ್ಬರು ಅಂತ ನೀನು ಕೇಳ್ತಿದ್ದೆ. ನೀನು ಕೇಳದಿದ್ರೂ ಸಾಹೇಬರು ಕೇಳ್ತಿದ್ರು. ಆ ಹಾಳೆ ಎಲ್ಲರೂ ನೋಡ್ತಾರೆ. ಅತ್ತೆಯೇ ಕೇಳ್ಕೊಂಡ್ರು ಅಕ್ಕಾ, ಪೆನ್ಸಿಲು ಹಿಡಿದ ನನ್ನ ಕೈ ಹಿಡ್ಕೊಂಡು, ನನ್ನ ಬರೀಬೇಡಪ್ಪಾ ಮಗಾ ಅಂತ. ಸೊನ್ನೆ ಅಲ್ವಾ, ಯಾರಿಗೇನು ನೋವು ಅಂದ್ಕೊಂಡೆ. ಬಲೂನಿಗೆ ಒಬ್ಬರು ಅಂತ ಬರೆದಿದ್ದು ಮೋಸ. ಇದು ಮೋಸ ಅಂತ ಅನಿಸಲೇ ಇಲ್ಲ ನನಗೆ. ಪುಣ್ಯದ ಕೆಲಸ ಅನಿಸ್ತು! ಗುಂಡಗೆ, ಚೆಂದಗೆ ಬರೀತಿದ್ದೆ. ಮೂವತ್ತು ದಿನ.

ಆ ಸೊನ್ನೆ ನೋಡಿ ನೀನು ಗಾಳಿ ಇಳಿಸ್ತೀಯಾ ಅಂತ ನನಗೆ ಹೊಳೀಲಿಲ್ಲ. ಆಣೆ. ಸೋಮವಾರ ಒಂದು ಗಂಟೆಗೆ ಮೇಲಿನ ಜಾಲರಿಯ ಸದ್ದು ಸಣ್ಣಗಾಯ್ತಲ್ಲ, ಆಗಲೂ ಹೊಳೀಲಿಲ್ಲ. ಆಹಾ, ಈಗ ಮಾತು ಕೇಳಿಸುತ್ತೆ, ಇಷ್ಟು ದಿನ ಗಿರಣಿಯಲ್ಲಿ ಕೂತ ಹಾಗಿತ್ತು ಅಂದ್ರು ಅತ್ತೆ. ನಾನೂ ಹೌದು ಹೌದು ಅಂದೆ. ಸೋಮವಾರ ಸಂಜೆ ಅವರಿಗೆ ತಲೆನೋವು. ಮಂಗಳವಾರ ತಲೆನೋವು, ವಾಂತಿ ಬಂದ ಹಾಗೆ. ನಾನು ಏನಂದೆ ಗೊತ್ತಾ? ಅತ್ತೆ, ಈ ವಯಸ್ಸಿನಲ್ಲಿ ವಾಂತೀನಾ, ಮಾವನಿಗೆ ಸಿಹಿಸುದ್ದಿ ಹೇಳಿದ್ರಾ ಅಂದೆ. ಬಟ್ಟೆ ತಗೊಂಡು ಹೊಡೆದ್ರು. ನಕ್ಕರು. ಇಬ್ಬರೂ ನಕ್ಕೆವು.

ನಿನ್ನೆ ಬಾಟ್ಲಿ ಎರಡರಷ್ಟು ಬಂದಿತ್ತು. ಒಣಗಲಿ ಅಂತ ಕೊನೆಗೆ ಸುರಿದು ಕುಲುಕ್ತಾರಲ್ಲ, ಆ ದ್ರವ, ಉಗುರುಬಣ್ಣ ಅಳಿಸೋದರ ವಾಸನೆ ಬರುತ್ತಲ್ಲ, ಅದು. ಸುರಿದು ಕುಲುಕಿ ಎಲ್ಲಾ ಬೋರಲು ಹಾಕಿ, ಕೆಳಗಿನ ತಟ್ಟೆ ತುಂಬಾ ಅದೇ. ಅದನ್ನ ಚೆಲ್ಲೋಕೆ ಮುಂಚೆ ಗಂಟೆ ಒಂದಾಯ್ತು, ಬಾ ಮಗಾ ಮೊದಲು ಉಣ್ಣೋಣ ಅಂದ್ರು. ಅವರು ನೆಲಕ್ಕೆ ಅಂಟಿದ ಹಾಗೆ ಆ ಗಿಡ್ಡ ಸ್ಟೂಲಿನ ಮೇಲೆ. ನಾನು ಕಪಾಟಿನ ಮೇಲೆ, ಕೋತಿ ಥರ, ಕಾಲು ಇಳಿಬಿಟ್ಕೊಂಡು. ಅದಕ್ಕೇ ನನಗೆ ಏನೂ ಆಗಲಿಲ್ಲ ಅಲ್ವಾ? ಆ ಘಾಟು ಕೆಳಗೇ ನಿಲ್ಲುತ್ತೆ ಅಲ್ವಾ? ನೀನೇ ಒಂದು ಸಲ ಹೇಳಿದ್ದೆ, ಕೆಲವು ಘಾಟು ಗಾಳಿಗಿಂತ ಭಾರ ಅಂತ. ತಲೆ ಆಡಿಸ್ಬೇಡ, ಬಾಯಿಬಿಟ್ಟು ಹೇಳು... ಹೂಂ. ಕೆಳಗೇ ನಿಲ್ಲುತ್ತೆ.

ಬಿದ್ರು. ನಾನೇ ಎಳ್ಕೊಂಡು ಹೊರಗೆ ಹಾಕಿದ್ದು. ಎರಡೂ ಕಂಕುಳಿಗೆ ಕೈ ಕೊಟ್ಟು. ಡಬ್ಬಿ ಬಾಚಿ ಚೀಲಕ್ಕೆ ತುಂಬಿದೆ, ಮೊಟ್ಟೆ ಜೇಬಿಗೆ, ಅನ್ನ ಚೆಲ್ಲಿದ್ದನ್ನ ಅಂಗಿಯಲ್ಲೇ ಒರೆಸಿದೆ. ಊಟ ಮಾಡ್ತಿದ್ರು ಅಂತ ಗೊತ್ತಾದ್ರೆ ಕೆಲಸ ಹೋಗುತ್ತಲ್ಲ, ಎದ್ದ ಮೇಲೆ ನನ್ನ ಬೈತಾರಲ್ಲ, ಅದೇ ತಲೆಯಲ್ಲಿ. ಆಮೇಲೆ ಮೆಟ್ಟಿಲ ಹತ್ತಿರ ಹೋಗಿ, ಸೆಕ್ಯೂರಿಟಿ ತಾತನಿಗೆ ಕೇಳಿಸೋ ಹಾಗೆ ಒಂದು ಬಕೆಟ್ಟು ಉರುಳಿಸಿದೆ. ಅವರು ಬರೋವರೆಗೆ ಕಂಬದ ಹಿಂದೆ ನಿಂತಿದ್ದೆ. ಬಂದ್ರು, ಕೂಗಿದ್ರು, ಹೊತ್ಕೊಂಡು ಹೋದ್ರು. ಅಷ್ಟೇ.

ಇವತ್ತು ಅಲ್ಲಿ ಯಾರೂ ಇರ್ಲಿಲ್ಲ, ಆ ಚಿಂತೆ ಬಿಡು. ಒಂದರಿಂದ ಎರಡರವರೆಗೆ ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ, ನೆಲ ಒದ್ದೆಯಿದೆ ಅಂತ ಬೋರ್ಡು ಇಟ್ಟು. ಆದ್ರೆ ನಾಳೆ ಅಕ್ಕಾ... ನಾಳೆ ನಾಲ್ಕು ಮಹಡಿ. ಮೊದಲನೇ ಮಹಡಿಯಲ್ಲಿ ಬಾಟ್ಲಿ ತೊಳೆಯೋ ಚಿಕ್ಕಮ್ಮನೂ ಕೋಣೆಯಲ್ಲೇ ಉಣ್ಣೋದು. ಮೂರನೇ ಮಹಡಿಯಲ್ಲಿ ಇಬ್ಬರು. ನಾಲ್ಕನೆಯದು ನನಗೆ ಗೊತ್ತಿಲ್ಲ. ನಾನು ಒಬ್ಬನೇ, ಎಷ್ಟು ಬಾಗಿಲಿಗೆ ಬೆನ್ನು ಕೊಡ್ಲಿ?

ಫೋನ್ ಯಾರಿಗೆ? ಸಾಹೇಬರಿಗಾ? ಯಂತ್ರದ ಕೋಣೆಗೆ... ಹಾಂ, ಮಾಡು, ಮಾಡು. ಪೂರ್ತಿ ಬಿಡಿ ಅನ್ನು. ಎಲ್ಲಾ ಕೋಣೆಗೂ, ಎಲ್ಲಾ ಹೊತ್ತಿಗೂ ಮೊದಲಿನ ಹಾಗೇ ಅನ್ನು. ಯಾಕೆ ಅಂತ ಕೇಳಿದ್ರೆ... ಏನೋ ಹೇಳು.

ಲೆಕ್ಕ ತಪ್ಪು ಅಂದೆಯಾ. ನನ್ನ ಲೆಕ್ಕ ತಪ್ಪು ಅಂದ್ಯಲ್ಲ, ನನ್ನ ತಮ್ಮನ ಲೆಕ್ಕ ಅನ್ನಲಿಲ್ಲ.

ಅಕ್ಕಾ, ಸಾಹೇಬರು ನಿನ್ನ ಸುಮ್ನೆ ಬಿಡಲ್ಲ. ನಾನೇ ಬಂದು ಹೇಳ್ತೀನಿ ಅವರಿಗೆ. ನಡಿ, ಈಗಲೇ. ಬಲೂನು ಕಟ್ಟಿದವನೇ ಸೊನ್ನೆ ಬರೆದಿದ್ದು ಅಂತ. ಅವರು ನಂಬ್ತಾರೆ, ನನ್ನ ಬಗ್ಗೆ ಏನು ಹೇಳಿದ್ರೂ ಜನ ನಂಬ್ತಾರೆ. ನಡಿ. ಚಪ್ಪಲಿ ಎಲ್ಲಿ ನಿಂದು?

ಯಾಕೆ ಏಳ್ತಿಲ್ಲ?

ಎಲ್ಲಾ ಹೇಳಿಯಾಯ್ತಲ್ಲ. ಇನ್ನೇನಿದೆ? ಕೋಣೆ ಹೇಳಿದೆ, ಊಟ ಹೇಳಿದೆ, ಎಳೆದಿದ್ದು ಹೇಳಿದೆ. ಇನ್ನೂ ಯಾಕೆ ಹಾಗೇ ನೋಡ್ತಿದೀಯಾ?

ಡಾಕ್ಟರು ಕೇಳಿದ್ದು ಗೊತ್ತು. ನೀನು ರಾತ್ರಿ ಅಮ್ಮನ ಹತ್ತಿರ ಹೇಳ್ತಿದ್ದಾಗ ನಾನು ಮುಸುಕು ಹಾಕ್ಕೊಂಡು ಕೇಳಿಸ್ಕೊಂಡೆ. ಪ್ರಜ್ಞೆ ತಪ್ಪಿ ಎಷ್ಟು ಹೊತ್ತು ಬಿದ್ದಿದ್ರು ಅಂತ ಯಾರಿಗಾದ್ರೂ ಗೊತ್ತಾ ಅಂತ. ಯಾರಿಗೂ ಗೊತ್ತಿಲ್ಲ ಅಂದೆಯಂತೆ ನೀನು. ಗೊತ್ತಿದ್ರೆ ಚಿಕಿತ್ಸೆಗೆ ಅನುಕೂಲ ಅಂದ್ರಂತೆ.

ಬಿದ್ದ ತಕ್ಷಣ ಎಳೆದೆ.

ಬಿದ್ದ ತಕ್ಷಣ ಅಂದ್ರೆ... ತಕ್ಷಣವೇ.

ಅಕ್ಕಾ, ಬೈಯಿ. ಹೊಡಿ ಬೇಕಾದ್ರೆ. ಕೆನ್ನೆ ಇಲ್ಲಿದೆ.

ಬಾಗಿಲು ಸ್ವಲ್ಪ ತೆಗೆಯೋ ಮಗಾ, ಹೇಗೋ ಆಗ್ತಿದೆ ಅಂದ್ರು. ಕಾರಿಡಾರಿನಲ್ಲಿ ಯಾರೋ ಮಾತಾಡ್ತಾ ನಿಂತಿದ್ರು. ಈಗ ತೆಗೆದ್ರೆ ಸಿಕ್ಕಿಬೀಳ್ತೀವಿ ಅತ್ತೆ, ಸ್ವಲ್ಪ ತಾಳಿ ಅಂದೆ. ತಾಳಿದ್ರು. ಹೊರಗಿನ ಮಾತು ದೂರ ಸರಿಯೋ ಹೊತ್ತಿಗೆ ಹಾಗೇ ಗೋಡೆಗೆ ಒರಗಿ, ಜಾರಿ, ಪಕ್ಕಕ್ಕೆ ವಾಲಿ ಮಲಗಿಬಿಟ್ರು. ಬಾಯಿ ಸ್ವಲ್ಪ ತೆರೆದು.

ನಾನು ದಿನಾ ಹಾಗೆ ಮಾಡ್ತಿದ್ದೆ ಅಕ್ಕಾ. ಒಂದು ತುತ್ತು ಬಾಯಿಗಿಟ್ಟು, ಎದೆ ಹಿಡ್ಕೊಂಡು, ಅಯ್ಯೋ ಅತ್ತೆ ಏನು ಹಾಕಿದ್ರಿ ಇದಕ್ಕೆ ಅಂತ ಧೊಪ್ಪನೆ ಬಿದ್ದು ಸತ್ತ ಹಾಗೆ. ಅವರು ಮೊದಮೊದಲು ಹೆದರ್ತಿದ್ರು, ಆಮೇಲೆ ಕಾಲಲ್ಲಿ ತಿವಿದು ಏಳೋ ಕಳ್ಳ ಅಂತಿದ್ರು. ಒಂದಲ್ಲಾ ಒಂದು ದಿನ ನಾನೂ ನಿನಗೆ ಹೀಗೇ ಮಾಡ್ತೀನಿ ನೋಡ್ತಿರು ಅಂದಿದ್ರು. ಅಂದಿದ್ರು ಅಕ್ಕಾ, ನಿಜವಾಗ್ಲೂ.

ಎಷ್ಟು ಚೆನ್ನಾಗಿ ಮಾಡ್ತಿದಾರಲ್ಲ ಅಂದ್ಕೊಂಡೆ. ಕಪಾಟಿನ ಮೇಲಿಂದ ಇಳಿಯಲೇ ಇಲ್ಲ. ಶಭಾಷ್ ಅತ್ತೆ, ಎಷ್ಟು ಹೊತ್ತು ಹೀಗೇ ಇರ್ತೀರೋ ನೋಡೇಬಿಡೋಣ ಅಂದೆ.

ಡಾಕ್ಟರಿಗೆ ಹೇಳು. ಇನ್ನೂರ ನಲವತ್ತು. ಸರಿಯಾಗಿ ಇನ್ನೂರ ನಲವತ್ತು ಸೆಕೆಂಡು, ಒಂದೂ ತಪ್ಪಿಲ್ಲ. ಜೋರಾಗಿ ಎಣಿಸ್ತಿದ್ದೆ ಅಕ್ಕಾ, ಕಾಲು ಆಡಿಸ್ತಾ... ನಗ್ತಾ ನಗ್ತಾ ಎಣಿಸ್ತಿದ್ದೆ.